12 ವೋಲ್ಟ್ ಪಂಪಿಗೆ 9 ವೋಲ್ಟ್ ಅಷ್ಟೇ ಮುಟ್ಟುತ್ತಿದ್ದರೆ

ಅಕ್ಕಾ, ಸದ್ಯಕ್ಕೆ ಹೊಸ ಪಂಪ್ ತಗೊಳ್ಳಬೇಡಿ. ನಿಮ್ಮ ಅಂಕಿಗಳನ್ನು ನೋಡಿದರೆ ತೊಂದರೆ ಇರುವುದು ವೈರಿನಲ್ಲಿ.

ನೀವು ಬರೆದದ್ದು ಇದು: ಪುಣೆಯ ನಿಗಡಿಯ ಮನೆಯ ತಾರಸಿಯಲ್ಲಿ ಬ್ಯಾಟರಿ ಒಂದು ಮೂಲೆ, ಪಂಪ್ ಇನ್ನೊಂದು ಮೂಲೆ, ನಡುವೆ 15 ಮೀಟರ್ ವೈರ್. ಪಂಪ್ ನಿಂತಿರುವಾಗ ಎರಡೂ ಕಡೆ 12.6 ವೋಲ್ಟ್. ಓಡುವಾಗ ಬ್ಯಾಟರಿ ಹತ್ತಿರ 12.4, ಪಂಪ್ ಹತ್ತಿರ 9.3. ಕರೆಂಟ್ 4 ಆಂಪ್. ಕೊನೆಯ ಸಾಲಿನ ಟೊಮೆಟೊ ಕುಂಡಗಳಿಗೆ ನೀರು ಹೋಗುತ್ತಿಲ್ಲ. "ನಿಂತಾಗ ಎರಡೂ ಕಡೆ ಒಂದೇ ತೋರಿಸುತ್ತೆ, ಅಂದ್ರೆ ವೈರ್ ಸರಿ ಇದೆ ಅಲ್ವಾ?" ಎಂದು ಕೇಳಿದ್ದೀರಿ.

ಇಲ್ಲ. ಕರೆಂಟ್ ಹರಿಯದೆ ವೈರಿನಲ್ಲಿ ವೋಲ್ಟೇಜ್ ಕಳೆಯುವುದಿಲ್ಲ. ನಿಮ್ಮ ಡ್ರಿಪ್ ಪೈಪನ್ನೇ ನೋಡಿ. ತುದಿ ಮುಚ್ಚಿದ್ದರೆ ಸಣ್ಣ ಪೈಪಿನಲ್ಲೂ ಒತ್ತಡ ಉದ್ದಕ್ಕೂ ಒಂದೇ. ನೀರು ಬಿಟ್ಟ ಮೇಲೆ ತುದಿಯಲ್ಲಿ ಬೀಳುತ್ತದೆ. ಅದಕ್ಕೇ ಪಂಪ್ ಓಡುವಾಗಲೇ ಅಳೆಯಬೇಕು. ನೀವು ಅಳೆದಿದ್ದೀರಿ, ಅದು ಒಳ್ಳೆಯದಾಯಿತು.

ಈಗ ಲೆಕ್ಕ. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್ (ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ), ಗುಣಿಸಿದರೆ ವ್ಯಾಟ್. ದಾರಿಯಲ್ಲಿ ಕಳೆದದ್ದು 12.4 − 9.3, ಅಂದರೆ 3.1 ವೋಲ್ಟ್. ಅದನ್ನು 4ರಿಂದ ಭಾಗಿಸಿ: ವೈರಿನ ರೆಸಿಸ್ಟೆನ್ಸ್ ಸುಮಾರು 0.78 ಓಮ್. ನೀವು ಹಾಕಿದ ಫೋಟೋದಲ್ಲಿ ವೈರ್ ಮೇಲೆ 0.75 ಎಂಎಂ (ಅಡ್ಡ ಕೊಯ್ದರೆ ಕಾಣುವ ತಾಮ್ರ 0.75 ಚದರ ಮಿಲಿಮೀಟರ್) ಎಂದು ಕಾಣುತ್ತದೆ. ಆ ಸೈಜಿನ ತಾಮ್ರದ ವೈರು 1000 ಮೀಟರಿಗೆ ಸುಮಾರು 26 ಓಮ್. ಕರೆಂಟ್ ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ 15 ಅಲ್ಲ, 30 ಮೀಟರ್ ಹಿಡಿಯಬೇಕು. 30 × 0.026 = 0.78. ಎರಡು ಲೆಕ್ಕವೂ ಹೊಂದಿಕೊಂಡವು. ಅಂದರೆ ಜೋಡಣೆಗಳೂ ಸಡಿಲವಾಗಿಲ್ಲ, ವೈರೇ ತೆಳ್ಳಗಿದೆ.

ಬ್ಯಾಟರಿ ಕೊಡುತ್ತಿರುವುದು 12.4 × 4, ಸುಮಾರು 50 ವ್ಯಾಟ್. ಪಂಪಿಗೆ ಸಿಗುತ್ತಿರುವುದು 37. ಉಳಿದ 12 ವ್ಯಾಟ್‌ಗಿಂತ ಜಾಸ್ತಿ ಸುಮ್ನೆ ವೈರನ್ನು ಬಿಸಿ ಮಾಡುತ್ತಿದೆ. 100 ವ್ಯಾಟಿನ ಪಂಪ್ ಹಾಕಿ ಎಂದು ನಿಮ್ಮ ಪ್ರಶ್ನೆಗೆ ಯಾರೋ ಉತ್ತರ ಬರೆದಿದ್ದಾರೆ. ಅದು ಪೂರ್ತಿ 8 ಆಂಪ್ ಎಳೆಯಬೇಕಾದರೆ ಇದೇ ವೈರಿನಲ್ಲಿ 6 ವೋಲ್ಟ್ ಹೋಗುತ್ತದೆ. ಪಂಪಿಗೆ ಉಳಿಯುವುದೇನು?

ಪಂಪಿಗೂ 9.3 ÷ 4 ಮಾಡಿ 2.3 ಓಮ್ ಎಂದು ಬರೆದಿದ್ದೀರಿ, ಆದರೆ ಮೀಟರ್ ಹಚ್ಚಿದರೆ 1 ಓಮ್‌ಗಿಂತ ಕಡಿಮೆ ತೋರಿಸುತ್ತದೆ ಎಂದು ಗಾಬರಿಯಾಗಿದ್ದೀರಿ. ಸುಟ್ಟಿಲ್ಲ, ಹೆದರಬೇಡಿ. ತಿರುಗುವ ಮೋಟಾರು ತಾನೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತಾಗ ಮೀಟರಿಗೆ ಕಾಣುವುದು ಬರೀ ಸುರುಳಿಯ ತಂತಿ. ಭಾಗಾಕಾರದ ಲೆಕ್ಕ ವೈರಿಗೆ, ಹೀಟರ್ ರಾಡಿಗೆ ಸರಿ ಹೊಂದುತ್ತದೆ, ಮೋಟಾರಿಗಲ್ಲ. ವ್ಯಾಟ್ ಲೆಕ್ಕ ಮಾತ್ರ ನಿಮ್ಮ ಪಂಪಿಗೂ ನಡೆಯುತ್ತದೆ.

ಖರ್ಚಿಲ್ಲದ ದಾರಿ ಎಂದರೆ ಬ್ಯಾಟರಿಯನ್ನೇ ಪಂಪ್ ಪಕ್ಕಕ್ಕೆ ತರುವುದು. ಆಗದಿದ್ದರೆ 2.5 ಎಂಎಂ ತಾಮ್ರದ ವೈರ್ ಹಾಕಿ. ಅದು 30 ಮೀಟರಿಗೆ 0.24 ಓಮ್, ಕಳೆಯುವುದು 1 ವೋಲ್ಟ್ ಆಸುಪಾಸು. ಪುಣೆಯ ಬುಧವಾರ ಪೇಠೆಯ ತಪಕೀರ ಗಲ್ಲಿಯಲ್ಲಿ "ಅಡೀಚ ಎಂಎಂ" (ಅಡೀಚ ಎಂದರೆ ಮರಾಠಿಯಲ್ಲಿ ಎರಡೂವರೆ) ಎಂದು ಕೇಳಿ. (ಹೆಸರಿಗೆ ನಶ್ಯದ ಗಲ್ಲಿ, ಅಂಗಡಿ ತುಂಬ ವೈರು, ಸ್ವಿಚ್ಚು.) ತಾಮ್ರವೇ ಹೌದಾ ಎಂದು ತುದಿ ಕೆರೆದು ನೋಡಿ, ಮೇಲೆ ಮಾತ್ರ ತಾಮ್ರ ಬಳಿದ ಅಲ್ಯೂಮಿನಿಯಂ ಇದ್ದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬ್ಯಾಟರಿಯ ಪ್ಲಸ್ ಹತ್ತಿರವೇ 10 ಆಂಪ್ ಫ್ಯೂಸ್ ಇರಲಿ.

ಕರೆಂಟ್ ಅಳೆದ ಮೇಲೆ ಮೀಟರಿನ ಕೆಂಪು ಪಿನ್ನನ್ನು 10 ಆಂಪ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕುವುದನ್ನು ಮರೆಯಬೇಡಿ. ನಾನು ಮರೆತು ಹಾಗೇ ಬ್ಯಾಟರಿಗೆ ಮುಟ್ಟಿಸಿದ್ದೆ. ಚಟ್ ಎಂದು ಕಿಡಿ ಹಾರಿ ಪಿನ್ನಿನ ತುದಿ ಕಪ್ಪಾಯಿತು. ಅವತ್ತಿನ ಕೆಲಸ ಅಲ್ಲಿಗೇ ನಿಂತಿತು.

ನೀರು ಕಾಯಿಸುವ 1500 ವ್ಯಾಟಿನ ರಾಡ್ ಹಾಕಿದರೆ ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗುತ್ತದೆ ಎಂದು ಇಲ್ಲಿ ಬರೆದ ಇನ್ನೊಬ್ಬ ತಮ್ಮನಿಗೂ ಇಲ್ಲೇ ಹೇಳಿಬಿಡುತ್ತೇನೆ. 1500 ÷ 230 ಅಂದರೆ 6.5 ಆಂಪ್. ನಿನ್ನ ಬೋರ್ಡ್ 6 ಆಂಪಿನದು. ಪ್ಲಗ್ ಸಡಿಲಾಗಿ ಅಲ್ಲಿ ಅರ್ಧ ಓಮ್ ಸೇರಿಕೊಂಡರೂ ಸಾಕು: 6.5 × 6.5 × 0.5, ಸುಮಾರು 21 ವ್ಯಾಟ್. ಒಂದು ಸಣ್ಣ ಸೋಲ್ಡರಿಂಗ್ ಐರನ್ ಪ್ಲಗ್ಗಿನೊಳಗೆ ಕೂತ ಹಾಗೆ. ಬೋರ್ಡ್ ತೆಗೆದುಬಿಡು, ಗೋಡೆಯ 16 ಆಂಪ್ ಪಾಯಿಂಟಿಗೆ ನೇರ ಹಾಕು. ಪ್ಲಗ್ಗಿನ ಪಿನ್ ಆಗಲೇ ಕಪ್ಪಾಗಿದ್ದರೆ ಇವತ್ತೇ ಬದಲಿಸು.