ರೋಗಪೀಡಿತ ಅಪಧಮನಿಯಲ್ಲಿ ಜೀನ್ ಅಭಿವ್ಯಕ್ತಿ ಅಳೆಯಲು ಯಾವ ರೆಫರೆನ್ಸ್ ಜೀನ್ ಬಳಸಬೇಕು?

ರೆಫರೆನ್ಸ್ ಜೀನ್ ಎಂದರೆ ಎಲ್ಲ ಮಾದರಿಗಳಲ್ಲೂ ಸ್ಥಿರವಾಗಿರುತ್ತದೆಂದು ನಂಬಿ, ಉಳಿದ ಜೀನ್‌ಗಳನ್ನು ಹೋಲಿಸಲು ಅಳತೆಗೋಲಾಗಿ ಬಳಸುವ ಜೀನ್. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯಿಂದ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಪ್ಲಾಕ್‌ಗಳಲ್ಲಿ (ನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ದಪ್ಪ ಪದರಗಳಲ್ಲಿ) ಉರಿಯೂತಕ್ಕೆ ಸಂಬಂಧಿಸಿದ ಕೆಲವು ಜೀನ್‌ಗಳನ್ನು ಕ್ಯೂಪಿಸಿಆರ್ (ಜೀನ್‌ನ ಪ್ರತಿಗಳನ್ನು ಸುತ್ತು ಸುತ್ತಾಗಿ ಹೆಚ್ಚಿಸುತ್ತ ಪ್ರಮಾಣ ಅಳೆಯುವ ವಿಧಾನ) ಮೂಲಕ ಅಳೆಯಲಿದ್ದೀರಿ; ಹೋಲಿಕೆಗೆ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಉಳಿಯುವ, ಎದೆಯೊಳಗಿನ ಮ್ಯಾಮರಿ ಅಪಧಮನಿಯ ತುಣುಕುಗಳಿವೆ; ನಿಮ್ಮ ಮಾರ್ಗದರ್ಶಕರು ‘ಜಿಎಪಿಡಿಎಚ್ ಒಂದು ಸಾಕು, ಎಲ್ಲರೂ ಅದನ್ನೇ ಹಾಕುತ್ತಾರೆ’ ಎಂದಿದ್ದಾರೆ. ಮಂಗಳೂರಿನಲ್ಲಿ ಇಂಥದ್ದೇ ಅಂಗಾಂಶದ ಮೇಲೆ ಕೆಲಸ ಮಾಡುವವನಾಗಿ ಹೇಳುತ್ತೇನೆ: ಸಾಲದು. ಅದರ ಬದಲಿಗೆ ಕಣ್ಣುಮುಚ್ಚಿ ಬಳಸಬಹುದಾದ ಇನ್ನೊಂದು ಹೆಸರನ್ನು ಕೊಡಲು ನನ್ನಿಂದಲೂ ಆಗದು, ಏಕೆಂದರೆ ಯಾವ ಜೀನ್ ಸ್ಥಿರ ಎಂಬುದು ನಿಮ್ಮ ಮಾದರಿಗಳಲ್ಲಿಯೇ ತೀರ್ಮಾನವಾಗಬೇಕಾದ ಸಂಗತಿ.

ಜಿಎಪಿಡಿಎಚ್ ಗ್ಲೂಕೋಸನ್ನು ಒಡೆಯುವ ಹಾದಿಯ ಒಂದು ಕಿಣ್ವ. ಪ್ಲಾಕ್ ದಪ್ಪವಾದಂತೆ ಅದರ ಒಳಭಾಗಕ್ಕೆ ಆಮ್ಲಜನಕ ತಲುಪುವುದು ಕಡಿಮೆಯಾಗುತ್ತದೆ. ಆಮ್ಲಜನಕ ಕಡಿಮೆಯಾದ ಜೀವಕೋಶ ಗ್ಲೂಕೋಸ್ ಒಡೆಯುವ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತದೆ. ಅಂದರೆ ನೀವು ಅಧ್ಯಯನ ಮಾಡಹೊರಟ ರೋಗವೇ ನಿಮ್ಮ ಅಳತೆಗೋಲನ್ನು ಮೇಲಕ್ಕೆತ್ತುತ್ತದೆ. ಇದರ ಪರಿಣಾಮ ಎಷ್ಟೆಂದು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಿ. ಸಮ ಪ್ರಮಾಣದ ಆರ್‌ಎನ್‌ಎ ಹಾಕಿದ ಮೇಲೂ ರೆಫರೆನ್ಸ್ ಜೀನ್‌ನ ಸಿಟಿ ಮೌಲ್ಯ (ಸಿಗ್ನಲ್ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ, ಕಡಿಮೆಯಿದ್ದಷ್ಟೂ ಜೀನ್‌ನ ಪ್ರಮಾಣ ಹೆಚ್ಚು) ಆರೋಗ್ಯವಂತ ಅಪಧಮನಿಯಲ್ಲಿ 19.5, ಪ್ಲಾಕ್‌ನಲ್ಲಿ 18.3 ಬಂದಿತೆಂದುಕೊಳ್ಳಿ. ವ್ಯತ್ಯಾಸ 1.2 ಮಾತ್ರ, ಪ್ಲೇಟಿನ ಗ್ರಾಫಿನಲ್ಲಿ ಎರಡು ಗೆರೆಗಳು ಬಹುತೇಕ ತಾಗಿಕೊಂಡೇ ಇರುತ್ತವೆ. ಆದರೆ ಒಂದೊಂದು ಸಿಟಿ ಎಂದರೆ ಎರಡು ಪಟ್ಟು, ಆದ್ದರಿಂದ 1.2 ಎಂದರೆ ಸುಮಾರು 2.3 ಪಟ್ಟು, ಸ್ವಲ್ಪವೂ ಬದಲಾಗದ ನಿಮ್ಮ ಜೀನ್ ಪ್ಲಾಕ್‌ನಲ್ಲಿ 0.43ಕ್ಕೆ ಇಳಿದಂತೆ ಕಾಣುತ್ತದೆ. ಅಕ್ಕಿ ಅಳೆಯುವ ಸೇರೇ ಹಿಗ್ಗಿದಾಗ ಮೂಟೆಯ ಅಕ್ಕಿ ಕಡಿಮೆಯಾದಂತೆ ತೋರುವ ಹಾಗೆ. ಅದಕ್ಕೆ ‘ಅಭಿವ್ಯಕ್ತಿ ಕುಗ್ಗಿದೆ’ ಎಂದು ಪಿ ಮೌಲ್ಯದ ಸಮೇತ ಬರೆದುಬಿಡುವುದು ಬಹಳ ಸುಲಭ.

ಇತರ ಪರಿಚಿತ ಹೆಸರುಗಳೂ ಅಪಧಮನಿಯ ಮಟ್ಟಿಗೆ ಅನುಮಾನಕ್ಕೆ ಹೊರತಲ್ಲ. ಬೀಟಾ ಆಕ್ಟಿನ್ ಜೀವಕೋಶದ ಅಸ್ಥಿಪಂಜರದ ಭಾಗ. ನಾಳದ ಗೋಡೆಯ ಸ್ಮೂತ್ ಮಸಲ್ ಜೀವಕೋಶಗಳು ರೋಗದಲ್ಲಿ ಸಂಕುಚಿಸುವ ಕೆಲಸ ಬಿಟ್ಟು ಚಲಿಸತೊಡಗಿದಾಗ ಬದಲಾಗುವುದೇ ಆ ಅಸ್ಥಿಪಂಜರ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಉರಿಯೂತದ ಸಂಕೇತಗಳಿಗೆ ನೇರವಾಗಿ ಸ್ಪಂದಿಸುತ್ತದೆ. ಸೈಕ್ಲೋಫಿಲಿನ್ ಎ ಎಂಬುದನ್ನು ಆಕ್ಸಿಡೇಟಿವ್ ಒತ್ತಡಕ್ಕೆ ಸಿಲುಕಿದ ಸ್ಮೂತ್ ಮಸಲ್ ಜೀವಕೋಶಗಳು ಹೊರಕ್ಕೆ ಸ್ರವಿಸುತ್ತವೆ, ಮಹಾಪಧಮನಿಯ ಅನ್ಯೂರಿಸಂನಲ್ಲಿ (ಗೋಡೆ ಉಬ್ಬುವ ರೋಗದಲ್ಲಿ) ಅದರ ಪಾತ್ರವಿದೆ. ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಕಬ್ಬಿಣಾಂಶದ ಏರಿಳಿತಕ್ಕೆ ತಕ್ಕಂತೆ ಬದಲಾಗುವುದರಿಂದ ರಕ್ತಸ್ರಾವವಾದ ಪ್ಲಾಕ್‌ಗೆ ಸಲ್ಲದು. ರೈಬೋಸೋಮ್‌ನ 18ಎಸ್ ಆರ್‌ಆರ್‌ಎನ್‌ಎ ಎಷ್ಟು ಹೇರಳವೆಂದರೆ ಹತ್ತರ ಆಸುಪಾಸಿನಲ್ಲೇ ಸಿಟಿ ಬಂದುಬಿಡುತ್ತದೆ. ನಿಮ್ಮ ಜೀನ್ 28ರಲ್ಲಿ ಬರುವಾಗ ಅದರೊಂದಿಗೆ ಹೋಲಿಸುವುದು ಕಷ್ಟ, ಅಲ್ಲದೆ ಪಾಲಿ-ಎ ಬಾಲವನ್ನು ಹಿಡಿಯುವ ಆಲಿಗೋ-ಡಿಟಿ ಪ್ರೈಮರ್‌ನಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡಿದ್ದರೆ ಪಾಲಿ-ಎ ಬಾಲವಿಲ್ಲದ ಆ ಅಣುವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ತಪ್ಪು.

ಇವೆಲ್ಲಕ್ಕಿಂತ ದೊಡ್ಡ ತೊಡಕು ಜೀವಕೋಶಗಳ ಮಿಶ್ರಣದ್ದು. ಮ್ಯಾಮರಿ ಅಪಧಮನಿಯ ತುಣುಕು ಬಿಳಿಯಾಗಿ, ತೆಳ್ಳಗೆ, ಬಗ್ಗುವಂತಿರುತ್ತದೆ. ಕ್ಯಾರೋಟಿಡ್ ಪ್ಲಾಕನ್ನು ಪೆಟ್ರಿ ಡಿಶ್‌ನಲ್ಲಿಟ್ಟು ಸ್ಕಾಲ್ಪೆಲ್ ಆಡಿಸಿದರೆ ಹಳದಿ ಜಿಡ್ಡು ಅಲಗಿಗೆ ಅಂಟಿಕೊಳ್ಳುತ್ತದೆ, ಕ್ಯಾಲ್ಸಿಯಂ ಕಟ್ಟಿದ ಕಡೆ ಮರಳಿನ ಮೇಲೆ ಎಳೆದಂತೆ ಕರಕರ ಎನ್ನುತ್ತದೆ. ಒಂದರಲ್ಲಿ ಬಹುಪಾಲು ಸ್ಮೂತ್ ಮಸಲ್. ಇನ್ನೊಂದರಲ್ಲಿ ಮ್ಯಾಕ್ರೋಫೇಜ್‌ಗಳು, ಕೊಬ್ಬು ತುಂಬಿದ ಫೋಮ್ ಕೋಶಗಳು, ಟಿ ಕೋಶಗಳು, ಸತ್ತ ಕೋಶಗಳ ಅವಶೇಷ. ಮ್ಯಾಕ್ರೋಫೇಜ್‌ನಲ್ಲಿ ಸಹಜವಾಗಿಯೇ ಹೆಚ್ಚಿರುವ ಜೀನ್ ಒಂದು, ಯಾವ ಕೋಶದಲ್ಲೂ ನಿಯಂತ್ರಣ ಬದಲಾಗದಿದ್ದರೂ, ಪ್ಲಾಕ್‌ನಲ್ಲಿ ಏರಿದಂತೆ ಕಾಣುತ್ತದೆ. ಇದನ್ನು ಎಷ್ಟೇ ಒಳ್ಳೆಯ ರೆಫರೆನ್ಸ್ ಜೀನ್ ಕೂಡ ಸರಿಪಡಿಸದು. ಮ್ಯಾಕ್ರೋಫೇಜನ್ನು ಸೂಚಿಸುವ ಸಿಡಿ68, ಸ್ಮೂತ್ ಮಸಲನ್ನು ಸೂಚಿಸುವ ಎಸಿಟಿಎ2ರಂಥ ಕೋಶಸೂಚಕ ಜೀನ್‌ಗಳನ್ನು ಜೊತೆಯಲ್ಲೇ ಅಳೆದು ಫಲಿತಾಂಶವನ್ನು ಅವುಗಳ ಬೆಳಕಿನಲ್ಲಿ ಓದಬೇಕು. ಇದಲ್ಲದೆ ಮ್ಯಾಮರಿ ಅಪಧಮನಿ ಕೊಬ್ಬು ಕಟ್ಟುವುದಕ್ಕೆ ಸ್ವಭಾವತಃ ಪ್ರತಿರೋಧವುಳ್ಳ ನಾಳವಾದ್ದರಿಂದ ಅದನ್ನು ‘ಆರೋಗ್ಯವಂತ ಕ್ಯಾರೋಟಿಡ್’ ಎಂದು ಬರೆಯಬೇಡಿ. ಸಾಧ್ಯವಿದ್ದಲ್ಲಿ ಅದೇ ಪ್ಲಾಕ್‌ನ ಅಂಚಿನ, ಕಡಿಮೆ ಹಾನಿಗೊಳಗಾದ ಭಾಗವನ್ನು ಮೂರನೆಯ ಗುಂಪಾಗಿ ಇಟ್ಟುಕೊಳ್ಳಿ.

ಆಯ್ಕೆಯ ವಿಧಾನಕ್ಕೆ ಬರೋಣ. ಬೇರೆ ಬೇರೆ ಕೆಲಸಗಳ ಎಂಟು ಹತ್ತು ಜೀನ್‌ಗಳನ್ನು ತೆಗೆದುಕೊಳ್ಳಿ: ಟಿಬಿಪಿ, ಎಚ್‌ಪಿಆರ್‌ಟಿ1, ಆರ್‌ಪಿಎಲ್‌ಪಿ0, ವೈಡಬ್ಲ್ಯೂಎಚ್‌ಎಝಡ್, ಎಸ್‌ಡಿಎಚ್‌ಎ, ಪಿಒಎಲ್‌ಆರ್2ಎ ಮುಂತಾದವು, ಜೊತೆಗೆ ಬೇಕಿದ್ದರೆ ಜಿಎಪಿಡಿಎಚ್ ಕೂಡ ಇರಲಿ. ‘ಬೇರೆ ಬೇರೆ ಕೆಲಸ’ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2002ರಲ್ಲಿ ಬಂದ ಜಿಯೋನಾರ್ಮ್ ವಿಧಾನ ಒಂದು ಜೀನ್ ಉಳಿದವುಗಳೊಂದಿಗೆ ಎಷ್ಟು ಹೊಂದಿಕೊಂಡು ಸಾಗುತ್ತದೆ ಎಂಬುದನ್ನು ಎಂ ಮೌಲ್ಯವಾಗಿ ಕೊಡುತ್ತದೆ; ಪಟ್ಟಿಯಲ್ಲಿ ಎರಡು ಆಕ್ಟಿನ್‌ಗಳೋ ಎರಡು ರೈಬೋಸೋಮ್ ಪ್ರೋಟೀನ್‌ಗಳೋ ಇದ್ದರೆ, ಅವು ಒಟ್ಟಿಗೇ ಏರಿ ಒಟ್ಟಿಗೇ ಇಳಿದರೂ ‘ಅತ್ಯಂತ ಸ್ಥಿರ ಜೋಡಿ’ ಎಂದು ಮೇಲೆ ಬಂದು ಕೂರುತ್ತವೆ. 2004ರ ನಾರ್ಮ್‌ಫೈಂಡರ್ ಗುಂಪಿನೊಳಗಿನ ಏರುಪೇರನ್ನೂ ಗುಂಪುಗಳ ನಡುವಿನ ಏರುಪೇರನ್ನೂ ಬೇರ್ಪಡಿಸಿ ನೋಡುತ್ತದೆ. ರೋಗಿ ಮತ್ತು ಕಂಟ್ರೋಲ್ ಎಂಬ ಗುಂಪುಗಳಿರುವ ನಿಮ್ಮ ಅಧ್ಯಯನದಲ್ಲಿ ಎರಡೂ ವಿಧಾನಗಳು ಭಿನ್ನವಾಗಿ ಹೇಳಿದರೆ ನಾನು ಇದರ ಮಾತಿಗೇ ಹೆಚ್ಚು ತೂಕ ಕೊಡುತ್ತೇನೆ. ಹಲವು ವಿಧಾನಗಳನ್ನು ಬೆರೆಸಿ ಒಂದೇ ಶ್ರೇಯಾಂಕ ಕೊಡುವ ಜಾಲತಾಣಗಳು ಅನುಕೂಲಕರವೇನೋ ಹೌದು, ಆದರೆ ಬರೀ ಸಿಟಿ ಮೌಲ್ಯ ತೆಗೆದುಕೊಂಡು ಎಲ್ಲ ಪ್ರೈಮರ್‌ಗಳ ದಕ್ಷತೆಯೂ ಶೇಕಡಾ 100 (ಪ್ರತಿ ಸುತ್ತಿಗೂ ಸರಿಯಾಗಿ ಎರಡು ಪಟ್ಟು) ಎಂದು ಭಾವಿಸುವ ಉಪಕರಣದ ಮೇಲೆ ಪ್ರಬಂಧ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಪ್ರಾಥಮಿಕ ಪರೀಕ್ಷೆಗೆ ಪ್ರತಿ ಗುಂಪಿನಿಂದಲೂ ಎಂಟು ಹತ್ತು ಮಾದರಿಗಳಿರಲಿ. ಮೃದು ಪ್ಲಾಕ್, ಕ್ಯಾಲ್ಸಿಯಂ ಕಟ್ಟಿದ ಪ್ಲಾಕ್, ಮಧುಮೇಹಿಗಳದ್ದು, ಸ್ಟ್ಯಾಟಿನ್ ಸೇವಿಸುವವರದ್ದು ಎಲ್ಲವೂ ಸೇರಿರಲಿ. ಜಿಯೋನಾರ್ಮ್‌ನ ವಿ ಮೌಲ್ಯ (ಇನ್ನೊಂದು ಜೀನ್ ಸೇರಿಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) 0.15ಕ್ಕಿಂತ ಕೆಳಗಿಳಿದರೆ ಇನ್ನೊಂದು ಜೀನ್ ಸೇರಿಸುವ ಅಗತ್ಯವಿಲ್ಲ. ಈ ಅಂಗಾಂಶದಲ್ಲಿ ಮೂರಾದರೂ ಬೇಕಾಗಬಹುದೆಂದು ಸಿದ್ಧರಾಗಿರಿ. ಆಯ್ದ ಜೀನ್‌ಗಳ ಸಾಪೇಕ್ಷ ಪ್ರಮಾಣಗಳ ಜ್ಯಾಮಿತೀಯ ಸರಾಸರಿಯನ್ನೇ ಹೋಲಿಕೆಗೆ ಬಳಸಿ.

ಇಷ್ಟೆಲ್ಲ ಮಾಡುವ ಮೊದಲೇ ಆರ್‌ಎನ್‌ಎ ಹಾಳಾಗಿದ್ದರೆ ಲೆಕ್ಕಕ್ಕೆ ಅರ್ಥವಿರದು. ನಿಮ್ಮ ಮಾದರಿಗಳು ಮಣಿಪಾಲದಿಂದ ಇಲ್ಲಿಗೆ ಬರಬೇಕಾದರೆ ಅರವತ್ತು ಕಿಲೋಮೀಟರಿಗೂ ಮೀರಿದ ಹೆದ್ದಾರಿ, ಏಪ್ರಿಲ್ ತಿಂಗಳ ಸೆಕೆ ಬೇರೆ. ಆರ್‌ಎನ್‌ಎ ಕೆಡದಂತೆ ಕಾಯುವ ಆರ್‌ಎನ್‌ಎಲೇಟರ್ ದ್ರಾವಣ 25 ಡಿಗ್ರಿಯಲ್ಲಿ ಒಂದು ವಾರ ತಡೆಯುತ್ತದೆ, 37 ಡಿಗ್ರಿಯಲ್ಲಿ ಒಂದೇ ದಿನ. ಆದ್ದರಿಂದ ಐಸ್ ಪೆಟ್ಟಿಗೆ ಕಡ್ಡಾಯ. ದ್ರಾವಣ ಒಳಕ್ಕೆ ಇಳಿಯಬೇಕಾದರೆ ತುಣುಕು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು, ಇದನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮಾದರಿ ಹಾಕಿಕೊಡುವವರಿಗೆ ನೀವೇ ಹೋಗಿ ತೋರಿಸಿಕೊಡುವುದು ಒಳ್ಳೆಯದು. ರಕ್ತನಾಳ ಕತ್ತರಿಸಿದ ಹೊತ್ತನ್ನೂ ದ್ರಾವಣಕ್ಕೆ ಹಾಕಿದ ಹೊತ್ತನ್ನೂ ಟ್ಯೂಬಿನ ಜೊತೆ ಬರೆಸಿಕೊಳ್ಳಿ. ಪ್ಲಾಕ್‌ನ ಆರ್‌ಎನ್‌ಎ ಗುಣಮಟ್ಟ ಮ್ಯಾಮರಿಯದಕ್ಕಿಂತ ಕೆಳಗಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಎಲ್ಲ ಪ್ರೈಮರ್‌ಗಳೂ 150 ಬೇಸ್ ಜೋಡಿಗಿಂತ ಚಿಕ್ಕ ತುಣುಕನ್ನೇ ವರ್ಧಿಸುವಂತಿರಲಿ. ಬೆರೆತ ಡಿಎನ್‌ಎಯನ್ನು ಒಡೆಯುವ ಡಿಎನ್‌ಏಸ್ ಉಪಚಾರವನ್ನೂ, ಸಿಡಿಎನ್‌ಎ ಮಾಡುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಕಂಟ್ರೋಲನ್ನೂ ಬಿಡಬೇಡಿ: ಜಿಎಪಿಡಿಎಚ್ ಮತ್ತು ಬೀಟಾ ಆಕ್ಟಿನ್‌ಗೆ ಇಂಟ್ರಾನ್ ಇಲ್ಲದ ಹತ್ತಾರು ಸ್ಯೂಡೋಜೀನ್‌ಗಳು (ಜೀನ್‌ನ ನಿಷ್ಕ್ರಿಯ ನಕಲುಗಳು) ಇರುವುದರಿಂದ ಇಂಟ್ರಾನ್ ದಾಟುವ ಪ್ರೈಮರ್ ಕೂಡ ಡಿಎನ್‌ಎಯಿಂದ ಸಿಗ್ನಲ್ ಕೊಟ್ಟೀತು.

ಮಾರ್ಗದರ್ಶಕರು ಖರ್ಚಿನ ಮಾತೆತ್ತಿದರೆ, ಕ್ಯೂಪಿಸಿಆರ್ ಪ್ರಯೋಗಗಳಿಗೆಂದೇ ಇರುವ 2009ರ ಎಂಐಕ್ಯೂಇ ಮಾರ್ಗಸೂಚಿಯೇ ಸಮರ್ಥನೆಯಿಲ್ಲದೆ ಒಂದೇ ರೆಫರೆನ್ಸ್ ಜೀನ್ ಬಳಸುವುದನ್ನು ಒಪ್ಪುವುದಿಲ್ಲ ಎಂದು ತೋರಿಸಿ, ಹತ್ತು ಜೋಡಿ ಪ್ರೈಮರ್‌ಗಳ ಅಂದಾಜು ಬೆಲೆಯನ್ನೂ ಜೊತೆಗೇ ಮುಂದಿಡಿ. ಪ್ರಾಥಮಿಕ ಪರೀಕ್ಷೆಯ ಸಿಡಿಎನ್‌ಎಯನ್ನು ಮುಖ್ಯ ಪ್ರಯೋಗದಲ್ಲಿಯೂ ಬಳಸಬಹುದಾದ್ದರಿಂದ ಮಾದರಿಯಂತೂ ವ್ಯರ್ಥವಾಗುವುದಿಲ್ಲ.