ಪಿಂಗ್ ಬರುತ್ತೆ, ಬಿಲ್ಲಿಂಗ್ ಹ್ಯಾಂಗ್ ಆಗುತ್ತೆ: ಲೀಸ್ಡ್ ಲೈನ್‌ಗೆ ವಾಪಸ್ ಹೋಗಬೇಕಾ?

ಬ್ರಾಂಚಿಗೂ ಸರ್ವರ್‌ಗೂ ಮಧ್ಯೆ ಬಾಡಿಗೆಗಿದ್ದ ಖಾಸಗಿ ಲೈನು, ಅಂದರೆ ಲೀಸ್ಡ್ ಲೈನ್ ತೆಗೆಸಿ, ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ (ಇಂಟರ್‌ನೆಟ್ ಒಳಗೇ ಕಟ್ಟುವ ಖಾಸಗಿ ದಾರಿ) ಹಾಕಿದ್ದೀರಿ. ಬ್ರಾಂಚ್‌ನಿಂದ ಸರ್ವರ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಚಿಕ್ಕ ಪ್ಯಾಕೆಟ್ಟಿಗೆ ಉತ್ತರ) ಬರುತ್ತದೆ, ಲಾಗಿನ್ ಆಗುತ್ತದೆ, ಆಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ನಿಂತುಬಿಡುತ್ತದೆ. ಹಳೆ ಲೈನನ್ನೇ ವಾಪಸ್ ಹಾಕಿಸಬೇಕಾ, ಇಲ್ಲ ಸರ್ವರನ್ನು ಕ್ಲೌಡ್‌ಗೆ ಸಾಗಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ದುಡ್ಡು ಜೇಬಲ್ಲೇ ಇರಲಿ. ಇದು ಅಕ್ಷರಕ್ಕೆ ಅಕ್ಷರ ನನಗೆ ಆಗಿದ್ದೇ, ರೂಟರ್ ಕಂಪನಿ ಒಂದು ಬೇರೆ ಅಷ್ಟೇ.

ನಾನಾಗ ಪಂಪ್‌ಸೆಟ್ಟು, ಪಿವಿಸಿ ಪೈಪು, ಡ್ರಿಪ್ ಸಾಮಾನು ಹೋಲ್‌ಸೇಲ್ ಮಾರುವ ಒಂದು ಕಡೆ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ಗೋಡೌನು, ಸರ್ವರು ಎರಡೂ ಮೈಸೂರಿನ ಬಂಡೀಪಾಳ್ಯದ ಕಡೆ. ಬ್ರಾಂಚ್ ಮಂಡ್ಯದಲ್ಲಿ. ಮಧ್ಯೆ ಪಾಯಿಂಟ್ ಟು ಪಾಯಿಂಟ್ ಲೀಸ್ಡ್ ಲೈನ್ ಇತ್ತು, ನಿಧಾನ, ಆದರೆ ತೊಂದರೆ ಕೊಟ್ಟಿದ್ದಿಲ್ಲ. 45 ಕಿಲೋಮೀಟರಿಗೆ ಇಷ್ಟೊಂದು ಬಾಡಿಗೆ ಯಾಕೆ ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎರಡೂ ಕಡೆ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿ, ರೂಟರ್‌ಗಳ ನಡುವೆ ಐಪಿಸೆಕ್ ಅನ್ನುವ ವಿಪಿಎನ್ ಟನೆಲ್ ಕಟ್ಟಿ, ಪಿಂಗ್ ಕೊಟ್ಟು ನೋಡಿ, ಆಯ್ತು ಸಾರ್ ಅಂದೆ. ಹಳೆ ಲೈನಿಗಿಂತ ಪಿಂಗ್ ಚೆನ್ನಾಗಿಯೇ ಬರುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೆ ಮಂಡ್ಯದಿಂದ ಫೋನು. ಲಾಗಿನ್ ಆಗುತ್ತಿದೆ, ಸ್ಟಾಕ್ ಲಿಸ್ಟ್ ಒತ್ತಿದರೆ ಮರಳು ಗಡಿಯಾರ. ಒಂದೇ ಐಟಂ ಹುಡುಕಿದರೆ ಬರುತ್ತದೆ, ಇಡೀ ಲಿಸ್ಟ್ ಬರಲ್ಲ. ಆರ್ಡರ್ ಸೇವ್ ಆಗುತ್ತದೆ, ಲೆಡ್ಜರ್ ತೆರೆಯಲ್ಲ. ಯೂಟ್ಯೂಬ್ ಮಾತ್ರ ಜುಂ ಅಂತ ಓಡುತ್ತಿದೆ. ನಾನು ಇಲ್ಲಿಂದ ಪಿಂಗ್ ಕೊಟ್ಟು, ಲೈನ್ ಸರಿಯಾಗಿದೆ ಕಣಮ್ಮ, ನಿನ್ನ ಕಂಪ್ಯೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡು ಅಂದೆ. ಅಲ್ಲಿ ಬಿಲ್ಲಿಂಗ್‌ನಲ್ಲಿದ್ದ ಹುಡುಗಿ ಹೇಳಿದಳು: "ಸಾ, ನಿಮ್ ಪಿಂಗು ಬತ್ತದೆ, ನಮ್ ಬಿಲ್ಲು ಬತ್ತಾ ಇಲ್ಲ." ನನಗೆ ಸಿಟ್ಟು ಬಂತು. ಆದರೆ ಇಡೀ ಕಾಯಿಲೆಯನ್ನು ಅವಳು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದಳು.

ಆಮೇಲಿನ ಕೆಲವು ವಾರ ಏನೇನು ಮಾಡಿದೆ ಅನ್ನುವುದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಸರ್ವರ್‌ಗೆ ರ‍್ಯಾಮ್ ಹಾಕಿಸಿದೆ. ಡೇಟಾಬೇಸ್ ಇಂಡೆಕ್ಸ್ ಮತ್ತೆ ಕಟ್ಟಿದೆ. ಮಂಡ್ಯದಲ್ಲಿ ಕೇಬಲ್ ಬದಲಾಯಿಸಿದೆ, ಸ್ವಿಚ್ ಬದಲಾಯಿಸಿದೆ, ಕೊನೆಗೆ ಯಜಮಾನರ ಹತ್ತಿರ ಗೋಗರೆದು ಹೊಸ ರೂಟರ್ ತರಿಸಿದೆ. ಬ್ರಾಡ್‌ಬ್ಯಾಂಡ್‌ನವರ ಲೈನ್‌ಮ್ಯಾನ್ ಹುಡುಗನಿಗೆ ಬಾಯಿಗೆ ಬಂದ ಹಾಗೆ ಬೈದೆ, ಅವನು ಪಾಪ ಸ್ಪೀಡ್ ಟೆಸ್ಟ್ ತೋರಿಸಿ ತೋರಿಸಿ ಸುಸ್ತಾದ. ಕಬ್ಬಿನ ದುಡ್ಡು ಕೈಗೆ ಬಂದು ರೈತರು ಪಂಪು ಪೈಪು ಕೊಳ್ಳಲು ಬರುವ ಹೊತ್ತು ಅದು. ಬಿಲ್ಲನ್ನು ಪೆನ್ನಲ್ಲಿ ಬರೆದು, ಸ್ಟಾಕ್‌ಗೆ ಮೈಸೂರಿಗೆ ಫೋನ್ ಮಾಡಿ ಕೇಳಿ, ರಾತ್ರಿ ಕೂತು ಎಂಟ್ರಿ ಮಾಡುತ್ತಿದ್ದರು. ಇಲ್ಲದ ಮೋಟಾರನ್ನು ಇದೆ ಅಂತ ಬಿಲ್ ಮಾಡಿ ಅಡ್ವಾನ್ಸ್ ವಾಪಸ್ ಕೊಟ್ಟಿದ್ದೂ ಆಯಿತು.

ಈಗ ಅಸಲು ವಿಷಯ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರಾಗಬೇಡಿ, ಯಾಕೆಂದರೆ ನಿಮ್ಮ ಸರ್ವರ್‌ನಲ್ಲೂ ಇದೇ ಇರುತ್ತದೆ ಅಂತ ನನಗೆ ಜಾಸ್ತಿ ಅನುಮಾನ.

ಇದೆಲ್ಲಾ ಆಗುವುದಕ್ಕೆ ತುಂಬಾ ಮುಂಚೆ, ಯಾವುದೋ ಸೆಕ್ಯೂರಿಟಿ ಚೆಕ್‌ಲಿಸ್ಟ್ ಓದಿ, ಲಿನಕ್ಸ್ ಸರ್ವರ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಐಸಿಎಂಪಿಯನ್ನು (ನೆಟ್‌ವರ್ಕ್ ತನ್ನ ತೊಂದರೆ ಹೇಳಿಕೊಳ್ಳುವ ಮೆಸೇಜ್‌ಗಳು, ಪಿಂಗೂ ಅದರಲ್ಲಿ ಒಂದು) ಪೂರ್ತಿ ಡ್ರಾಪ್ ಮಾಡಿದ್ದೆ. ಪಿಂಗ್ ಬೇಕಲ್ಲ, ಅದಕ್ಕೆ ಪಿಂಗ್‌ನ ಪ್ರಶ್ನೆ ಉತ್ತರವಾದ ಟೈಪ್ 8 ಮತ್ತು ಟೈಪ್ 0 ಮಾತ್ರ ಬಿಟ್ಟಿದ್ದೆ. ಐಸಿಎಂಪಿ ಅಂದರೆ ಪಿಂಗ್, ಪಿಂಗ್ ಅಂದರೆ ಐಸಿಎಂಪಿ ಅಂತ ನನ್ನ ತಿಳಿವಳಿಕೆ. ಲೀಸ್ಡ್ ಲೈನ್ ಇದ್ದಷ್ಟು ಕಾಲ ಏನೂ ಆಗಲಿಲ್ಲ, ಯಾಕೆಂದರೆ ಅಲ್ಲಿ 1500 ಬೈಟಿನ ಪ್ಯಾಕೆಟ್ ಈ ಕಡೆಯಿಂದ ಆ ಕಡೆಗೆ ಹಾಗೇ ಹೋಗುತ್ತಿತ್ತು. ಬ್ರಾಡ್‌ಬ್ಯಾಂಡ್‌ನಲ್ಲಿ ಹಾಗಲ್ಲ. ಬ್ರಾಡ್‌ಬ್ಯಾಂಡ್ ಲಾಗಿನ್ ಆಗುವ ವಿಧಾನವಾದ ಪಿಪಿಪಿಒಇ ತನ್ನ ಪಾಲು 8 ಬೈಟ್ ತಗೊಳ್ಳುತ್ತದೆ, ಉಳಿದದ್ದು 1492. ಅದರ ಮೇಲೆ ಐಪಿಸೆಕ್ ಇನ್ನಷ್ಟು ತಗೊಳ್ಳುತ್ತದೆ. ನಮ್ಮಲ್ಲಿ ಕೊನೆಗೆ ಉಳಿದದ್ದು 1422.

ಸರ್ವರ್‌ಗೆ ಇದು ಗೊತ್ತಿಲ್ಲ. ಅದು 1500ರ ಪ್ಯಾಕೆಟ್ಟೇ ಕಳಿಸುತ್ತದೆ, ಮೇಲೆ ಒಡೆಯಬೇಡಿ ಅಂತ ಡಿಎಫ್ ಗುರುತು ಬೇರೆ. ಮೈಸೂರಿನ ರೂಟರ್ ಆ ಪ್ಯಾಕೆಟ್ ಬಿಸಾಕಿ, ಇದು ಟನೆಲ್‌ಗೆ ಹಿಡಿಸಲ್ಲ, 1422ಕ್ಕೆ ಇಳಿಸು ಅಂತ ಸರ್ವರ್‌ಗೆ ವಾಪಸ್ ಹೇಳಬೇಕು. ಹೇಳುತ್ತದೆ ಕೂಡ. ಆ ಮಾತೇ ಐಸಿಎಂಪಿ ಟೈಪ್ 3 ಕೋಡ್ 4. ಇಂಟರ್‌ನೆಟ್ 1990ರ ಆರ್‌ಎಫ್‌ಸಿ 1191 ಅನ್ನುವ ನಿಯಮ ದಾಖಲೆಯಿಂದ ಈಚೆಗೆ ಇದನ್ನೇ ನಂಬಿಕೊಂಡಿದೆ. ನನ್ನ ಸರ್ವರ್ ಆ ಮಾತನ್ನು ಬಾಗಿಲಲ್ಲೇ ತಡೆದು ಹಾಕುತ್ತಿತ್ತು. ಉತ್ತರ ಬರಲಿಲ್ಲ ಅಂತ ಅದೇ 1500ರ ಪ್ಯಾಕೆಟ್ ಮತ್ತೆ ಕಳಿಸುವುದು, ರೂಟರ್ ಮತ್ತೆ ಬಿಸಾಕುವುದು, ಸ್ವಲ್ಪ ಜಾಸ್ತಿ ಹೊತ್ತು ಕಾದು ಮತ್ತೆ ಕಳಿಸುವುದು. ಲಿನಕ್ಸ್‌ನ ಡೀಫಾಲ್ಟ್ ಲೆಕ್ಕದಲ್ಲಿ ಹೀಗೆ ಕಾಲು ಗಂಟೆ ಮೇಲೆಯೇ ಒದ್ದಾಡುತ್ತದೆ. ಅದಕ್ಕೇ ನಿಮಗೆ ಎರರ್ ಕೂಡ ಬರಲ್ಲ, ಸುಮ್ನೆ ನಿಂತಿರುತ್ತದೆ.

ರೈಲ್ವೆ ಅಂಡರ್‌ಪಾಸ್ ನೋಡಿದ್ದೀರಲ್ಲ, ಬೈಕು ಆಟೋ ಆರಾಮಾಗಿ ನುಗ್ಗುತ್ತವೆ, ಮೇಲೆತನಕ ಹುಲ್ಲು ಹೇರಿದ ಲಾರಿ ಹೋಗಲ್ಲ, ಅದಕ್ಕೇ ಎತ್ತರದ ಬೋರ್ಡ್ ನೆಟ್ಟಿರುತ್ತಾರೆ. ನಾನು ಆ ಬೋರ್ಡ್ ಕಿತ್ತು ಹಾಕಿ, ಬೈಕಲ್ಲಿ ಹೋಗಿ ಬಂದು, ರೋಡ್ ಚೆನ್ನಾಗಿದೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ವಿಂಡೋಸ್ ಪಿಂಗ್ ಕಳಿಸುವುದು 32 ಬೈಟ್ ಡೇಟಾ, ಲಿನಕ್ಸ್ 56. ಹೆಡರ್ ಸೇರಿಸಿದರೂ ನೂರು ಮುಟ್ಟಲ್ಲ. ಸಾಫ್ಟ್‌ವೇರ್ ಸರ್ವರ್ ಜೊತೆ ಮಾತಾಡುವ ಟಿಸಿಪಿ ಸಂಪರ್ಕದ ಮೊದಲ ಮೂರು ಪ್ಯಾಕೆಟ್ಟೂ ಚಿಕ್ಕವೇ, ಅದಕ್ಕೆ ಪೋರ್ಟ್ ಓಪನ್ ಅಂತ ತೋರಿಸುತ್ತದೆ. ಲಾಗಿನ್ ಉತ್ತರ ಚಿಕ್ಕದು. ದೊಡ್ಡದು ಅಂತ ಬರುವುದು ಸ್ಟಾಕ್ ಲಿಸ್ಟೇ.

ಹಾಗಾದರೆ ಮಂಡ್ಯದಿಂದ ಆರ್ಡರ್ ಹೇಗೆ ಸೇವ್ ಆಗುತ್ತಿತ್ತು? ಅಲ್ಲಿ ಇದ್ದದ್ದು ವಿಂಡೋಸ್ ಪಿಸಿಗಳು. ಅಲ್ಲಿನ ರೂಟರ್ ದೊಡ್ಡದಾಯಿತು ಅಂದರೆ ಪಿಸಿ ಕೇಳಿಸಿಕೊಂಡು ಇಳಿಸಿಕೊಳ್ಳುತ್ತಿತ್ತು. ವಿಂಡೋಸ್ ಫೈರ್‌ವಾಲ್‌ನಲ್ಲಿ ಈ ಒಂದು ಮೆಸೇಜ್ ಒಳಗೆ ಬಿಡುವ ರೂಲ್ ಮೊದಲೇ ಇರುತ್ತದೆ, ನನ್ನಂಥವರು ಬಂದು ಕೈಯಾಡಿಸದಿದ್ದರೆ. ಯೂಟ್ಯೂಬ್ ಓಡಿದ್ದಕ್ಕೆ ಕಾರಣ ಬೇರೆ. ಪಿಪಿಪಿಒಇ ಕಡೆಗೆ ಹೋಗುವ ಟ್ರಾಫಿಕ್‌ಗೆ ರೂಟರ್ ತಾನೇ ಎಂಎಸ್ಎಸ್, ಅಂದರೆ ಒಂದು ಟಿಸಿಪಿ ಪ್ಯಾಕೆಟ್ಟಿನಲ್ಲಿ ತುಂಬಬಹುದಾದ ಡೇಟಾದ ಅಳತೆ, ಇಳಿಸಿ ಕೊಡುತ್ತಿತ್ತು. ಟನೆಲ್ ಒಳಗೆ ಹೋಗುವುದಕ್ಕೆ ಅದನ್ನು ನಾವೇ ಹೇಳಬೇಕಿತ್ತು, ಹೇಳಿರಲಿಲ್ಲ.

ಲಿನಕ್ಸ್ ಗೊತ್ತಿರುವವರು ಕೇಳಬಹುದು, ನಡೆಯುತ್ತಿರುವ ಸಂಪರ್ಕಕ್ಕೆ ಸೇರಿದ್ದನ್ನು ಒಳಗೆ ಬಿಡುವ ರಿಲೇಟೆಡ್ ಎಸ್ಟಾಬ್ಲಿಷ್ಡ್ ಅನ್ನುವ ರೂಲ್ ಇದ್ದರೆ ಈ ಐಸಿಎಂಪಿ ತಾನಾಗೇ ಒಳಗೆ ಬರಬೇಕಲ್ವಾ ಅಂತ. ಬರಬೇಕು. ನಾನು ಡ್ರಾಪ್ ರೂಲನ್ನು ಅದಕ್ಕಿಂತ ಮೇಲೆ ಕೂರಿಸಿದ್ದೆ. ಐಪಿಟೇಬಲ್ಸ್ ಮೇಲಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದಕ್ಕೇ ಕೈ ಹಾಕುತ್ತದೆ. ಆ ರೂಲನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಹಾಕಿದ್ದು ನಾನೇ ಅನ್ನುವುದೂ ಮರೆತುಹೋಗಿತ್ತು.

ಹೋಗಿ ಬರುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ ನೋಡಲಿಲ್ವಾ ಅಂದರೆ, ನೋಡಿದ್ದೆ. ಆದರೆ ಜಾಣನ ಥರ ಡೇಟಾಬೇಸ್‌ನ ಪೋರ್ಟ್ 3306 ಅಂತ ಫಿಲ್ಟರ್ ಕೊಟ್ಟು ನೋಡಿದ್ದೆ. ಐಸಿಎಂಪಿಗೆ ಪೋರ್ಟೇ ಇಲ್ಲ, ಆ ಫಿಲ್ಟರ್‌ನಲ್ಲಿ ಅದು ಕಾಣಲ್ಲ. ಆಮೇಲೆ ಮಂಡ್ಯದ ಪಿಸಿಯ ಐಪಿ ಕೊಟ್ಟು ನೋಡಿದೆ. ಅದರಲ್ಲೂ ಕಾಣಲ್ಲ, ಯಾಕೆಂದರೆ ಆ ಮೆಸೇಜ್ ಬರುವುದು ರೂಟರ್‌ನ ಐಪಿಯಿಂದ, ಪಿಸಿಯಿಂದಲ್ಲ. ಒಂದು ರಾತ್ರಿ ಬೇಸತ್ತು ಫಿಲ್ಟರ್ ತೆಗೆದು ಬರೀ ಟಿಸಿಪಿಡಂಪ್ ಓಡಿಸಿದೆ. ಪ್ರತಿ ದೊಡ್ಡ ಪ್ಯಾಕೆಟ್ಟಿನ ಕೆಳಗೂ ಒಂದು ಸಾಲು: ಅನ್‌ರೀಚಬಲ್, ನೀಡ್ ಟು ಫ್ರ್ಯಾಗ್ (ಒಡೆಯಬೇಕು), ಎಂಟಿಯು (ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್ಟಿನ ಅಳತೆ) 1422. ರೂಟರ್ ಮೊದಲ ದಿನದಿಂದ ಉತ್ತರವನ್ನು ನಂಬರ್ ಸಮೇತ ಹೇಳುತ್ತಲೇ ಇತ್ತು. ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮುಂಚೆಯೇ ಪ್ಯಾಕೆಟ್ ನೋಡುವುದರಿಂದ, ಡ್ರಾಪ್ ಆಗುವುದೂ ಅದರಲ್ಲಿ ಕಾಣುತ್ತದೆ. ರೂಲ್ ತೆಗೆದೆ. ಬೆಳಿಗ್ಗೆ ಮಂಡ್ಯದಲ್ಲಿ ಲಿಸ್ಟ್ ಬಂತು.

ಈಗ ನಿಮ್ಮ ವಿಷಯ. ಬ್ರಾಂಚ್‌ನ ವಿಂಡೋಸ್ ಪಿಸಿಯಲ್ಲಿ ಪಿಂಗ್ ಜೊತೆ ಮೈನಸ್ ಎಫ್, ಮೈನಸ್ ಎಲ್ 1472, ಆಮೇಲೆ ಸರ್ವರ್ ಐಪಿ ಕೊಡಿ. 1472ಕ್ಕೆ ಐಪಿ ಮತ್ತು ಐಸಿಎಂಪಿ ಹೆಡರ್ 28 ಸೇರಿದರೆ 1500. ವಿಪಿಎನ್ ಮೇಲೆ ಇದು ಸಾಮಾನ್ಯವಾಗಿ ಹೋಗಲ್ಲ. ಇಳಿಸುತ್ತಾ ಬನ್ನಿ, ಎಲ್ಲಿ ಉತ್ತರ ಬರುತ್ತದೋ ಅದಕ್ಕೆ 28 ಸೇರಿಸಿದರೆ ನಿಮ್ಮ ದಾರಿಯ ಎಂಟಿಯು. ನಮ್ಮಲ್ಲಿ 1394 ಹೋಯಿತು, 1395 ಹೋಗಲಿಲ್ಲ. ಆಮೇಲೆ ಇದನ್ನೇ ಸರ್ವರ್ ಕಡೆಯಿಂದಲೂ ಮಾಡಿ, ಲಿನಕ್ಸ್ ಆದರೆ ಮೈನಸ್ ಕ್ಯಾಪಿಟಲ್ ಎಂ ಡು, ಮೈನಸ್ ಎಸ್ 1472. ಎರಡು ಕಡೆಯ ಉತ್ತರ ಹೇಗೆ ಬೇರೆ ಅಂತ ನೋಡಿ. ಒಂದು ಕಡೆ ಪ್ಯಾಕೆಟ್ ಒಡೆಯಬೇಕು ಅಂತ ಸ್ಪಷ್ಟವಾಗಿ ಹೇಳಿ, ಇನ್ನೊಂದು ಕಡೆ ಬರೀ ಮೌನ ಅಂದರೆ, ಮೌನವಾಗಿರುವ ಕಡೆ ಯಾರೋ ಐಸಿಎಂಪಿ ಬ್ಲಾಕ್ ಮಾಡಿದ್ದಾರೆ.

ಸರಿ ಮಾಡುವುದಕ್ಕೆ ಎರಡು ಕೆಲಸ, ಎರಡನ್ನೂ ಮಾಡಿ. ಟೈಪ್ 3ನ್ನು ಒಳಗೆ ಬಿಡಿ, ಟೈಪ್ 11ನ್ನೂ ಬಿಡಿ, ಇಲ್ಲದಿದ್ದರೆ ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಕುರುಡಾಗುತ್ತದೆ. ಮತ್ತೆ ರೂಟರ್‌ನಲ್ಲಿ ಟನೆಲ್‌ಗೆ ಹೋಗುವ ಟಿಸಿಪಿಗೆ ಎಂಎಸ್ಎಸ್ ಕ್ಲ್ಯಾಂಪ್, ಅಂದರೆ ಆ ಅಳತೆಗೆ ಒಂದು ಮಿತಿ ಹಾಕಿ. ಎಂಟಿಯುನಿಂದ ಐಪಿ ಮತ್ತು ಟಿಸಿಪಿ ಹೆಡರ್ 40 ಕಳೆದರೆ ಎಂಎಸ್ಎಸ್, ನಮಗೆ 1382 ಬಂತು, ನಾನು ಸ್ವಲ್ಪ ಜಾಗ ಬಿಟ್ಟು 1350 ಇಟ್ಟೆ. ಕ್ಲ್ಯಾಂಪ್ ಇದ್ದರೆ ಮಧ್ಯೆ ಬೇರೆ ಯಾರಾದರೂ ಐಸಿಎಂಪಿ ನುಂಗಿದರೂ ಟಿಸಿಪಿ ಓಡುತ್ತದೆ. ಬರೀ ಕ್ಲ್ಯಾಂಪ್ ಸಾಕು ಅನ್ನುವವರಿದ್ದಾರೆ. ನಾನು ಒಪ್ಪಲ್ಲ, ಟಿಸಿಪಿ ಬಿಟ್ಟು ಇನ್ನೊಂದು ಥರದ ಟ್ರಾಫಿಕ್ ಆದ ಯುಡಿಪಿಗೆ ಅದು ಕೆಲಸ ಮಾಡಲ್ಲ. ಪ್ರತಿ ಪಿಸಿಗೂ ಹೋಗಿ ಎಂಟಿಯು 1400 ಅಂತ ಕೈಯಾರೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಇವತ್ತು ಸರಿಹೋಗುತ್ತದೆ, ಮುಂದಿನ ವರ್ಷ ಹೊಸ ಪಿಸಿ ಬಂದಾಗ ಇದೇ ಪ್ರಶ್ನೆ ಮತ್ತೆ ಕೇಳುತ್ತೀರಿ, ಆಗ ಹಳೆ ಪಿಸಿಯಲ್ಲಿ ಬರುತ್ತೆ ಹೊಸದರಲ್ಲಿ ಬರಲ್ಲ ಅಂತ ತಲೆ ಇನ್ನೂ ಜಾಸ್ತಿ ಕೆಡುತ್ತದೆ.

ಐಸಿಎಂಪಿ ಬಿಟ್ಟರೆ ಹ್ಯಾಕ್ ಆಗಲ್ವಾ ಅನ್ನುವ ಭಯ 1990ರ ದಶಕದ್ದು, ಅತಿ ದೊಡ್ಡ ಪಿಂಗ್ ಕಳಿಸಿ ಕಂಪ್ಯೂಟರನ್ನೇ ಬೀಳಿಸುತ್ತಿದ್ದ ಪಿಂಗ್ ಆಫ್ ಡೆತ್ ಕಾಲದ್ದು. ಆ ತೂತು ಆಗಲೇ ಮುಚ್ಚಿದರು, ಚೆಕ್‌ಲಿಸ್ಟ್‌ನಿಂದ ಸಾಲು ಮಾತ್ರ ಯಾರೂ ತೆಗೆದಿಲ್ಲ. ಬೇಕಾದರೆ ಹೊರಗಿನಿಂದ ಬರುವ ಪಿಂಗ್‌ಗೆ ಮಿತಿ ಹಾಕಿ, ಟೈಪ್ 3 ಮುಟ್ಟಬೇಡಿ. ಐಪಿವಿ6ಗೆ ಹೋದರಂತೂ ದಾರಿಯಲ್ಲಿರುವ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ, ಅಲ್ಲಿ ಐಸಿಎಂಪಿ ಮುಚ್ಚಿದರೆ ಇದಕ್ಕಿಂತ ಕೆಟ್ಟದಾಗುತ್ತದೆ.

ಕ್ಲೌಡ್ ಬಗ್ಗೆ: ಸರ್ವರನ್ನು ಅಲ್ಲಿಗೆ ಸಾಗಿಸಿ, ಇದೇ ಫೈರ್‌ವಾಲ್ ರೂಲ್‌ಗಳನ್ನು ಕಾಪಿ ಮಾಡಿಕೊಂಡು ಹೋಗಿ, ಇದೇ ಥರ ವಿಪಿಎನ್ ಕಟ್ಟಿದರೆ, ತಿಂಗಳ ಬಾಡಿಗೆ ಕೊಟ್ಟುಕೊಂಡು ಇದೇ ಹ್ಯಾಂಗ್ ನೋಡುತ್ತೀರಿ. ಬೇರೆ ಕಾರಣಕ್ಕೆ ಹೋಗುವುದಾದರೆ ಹೋಗಿ, ಇದಕ್ಕಾಗಿ ಬೇಡ. ಲೀಸ್ಡ್ ಲೈನ್ ವಾಪಸ್ ಹಾಕಿಸಿದರೆ ಸರಿಹೋಗುತ್ತದೆ, ನಿಜ. ಸರಿಹೋಗುವುದೇ ಅಪಾಯ, ಲೈನ್ ತಪ್ಪು ಅಂತ ಎಲ್ಲರೂ ನಂಬಿಬಿಡುತ್ತಾರೆ, ರೂಲ್ ಅಲ್ಲೇ ಕೂತಿರುತ್ತದೆ.

ಒಂದು ವೇಳೆ 1472 ಎರಡೂ ಕಡೆಯಿಂದ ಹೋಯಿತು, ಅಥವಾ ಚಿಕ್ಕ ಪಿಂಗೂ ಬಿಟ್ಟು ಬಿಟ್ಟು ಬರುತ್ತಿದೆ ಅಂದರೆ ನಾನು ಹೇಳಿದ್ದು ನಿಮಗಲ್ಲ. ಆಗ ಒಂದೇ ಐಪಿ ಎರಡು ಡಬ್ಬಕ್ಕೆ ಇದೆಯಾ ನೋಡಿ, ಹೆಚ್ಚಾಗಿ ಹಾಜರಾತಿ ಮೆಷಿನ್ನೋ ಸಿಸಿಟಿವಿ ಡಿವಿಆರೋ ಸರ್ವರ್‌ನ ಐಪಿ ಮೇಲೆ ಕೂತಿರುತ್ತದೆ. ಎಆರ್‌ಪಿ ಟೇಬಲ್‌ನಲ್ಲಿ (ಯಾವ ಐಪಿ ಯಾವ ಡಬ್ಬದ್ದು ಅನ್ನುವ ಪಟ್ಟಿ) ಆ ಐಪಿಯ ಮುಂದಿನ ಮ್ಯಾಕ್ ಅಡ್ರೆಸ್, ಅಂದರೆ ಡಬ್ಬದ ಹಾರ್ಡ್‌ವೇರ್ ನಂಬರ್, ಬದಲಾಗುತ್ತಿದ್ದರೆ ಅದೇ.

ಎರಡೂ ಕಡೆ ಎಷ್ಟಕ್ಕೆ ನಿಂತಿತು ಅಂತ ನಂಬರ್ ಕೆಳಗೆ ಹಾಕಿ, ರೂಟರ್ ಮಾಡೆಲ್ ಕೂಡ ಬರೆಯಿರಿ. ಕ್ಲ್ಯಾಂಪ್ ಹಾಕುವ ಜಾಗ ಒಂದೊಂದರಲ್ಲಿ ಒಂದೊಂದು ಮೆನುವಿನಲ್ಲಿ ಅಡಗಿರುತ್ತದೆ, ಹುಡುಕಿ ಹೇಳುತ್ತೇನೆ.