ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರು ಪದೇ ಪದೇ ಆಸ್ಪತ್ರೆ ಸೇರುವುದನ್ನು ತಪ್ಪಿಸುವುದು ಹೇಗೆ?

ಮನೆಯಲ್ಲಿರುವ ಇಂಥ ಹಿರಿಯರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಮರೆವಿಗಲ್ಲ. ಬಿದ್ದು ಮೂಳೆ ಮುರಿದುಕೊಂಡೋ, ಮೂತ್ರದ ಸೋಂಕು, ನ್ಯುಮೋನಿಯಾ ಅಥವಾ ಮೈಯಲ್ಲಿ ನೀರು ಕಮ್ಮಿಯಾಗಿಯೋ ಸೇರುತ್ತಾರೆ. ಇವುಗಳಲ್ಲಿ ಎಷ್ಟನ್ನೋ ಮನೆಯಲ್ಲೇ ತಡೆಯಬಹುದು, ಇಲ್ಲವೇ ಬೇಗ ಪತ್ತೆ ಹಚ್ಚಬಹುದು.

ಒಂದೆರಡು ದಿನದಲ್ಲೇ ಗೊಂದಲ ಜಾಸ್ತಿಯಾದರೆ, ಅಥವಾ ಸದಾ ಓಡಾಡುವವರು ಮಂಕಾಗಿ ಮಲಗಿಬಿಟ್ಟರೆ, ‘ಕಾಯಿಲೆ ಮುಂದುವರಿದಿದೆ’ ಎಂದು ಸುಮ್ನೆ ಕೂರಬೇಡಿ. ಡಿಮೆನ್ಶಿಯಾ ಸಾಮಾನ್ಯವಾಗಿ ಅಷ್ಟು ಬೇಗ ಏರುವುದಿಲ್ಲ. ಅದು ಡೆಲಿರಿಯಂ, ಅಂದರೆ ದಿಢೀರನೆ ಬರುವ ಗೊಂದಲದ ಸ್ಥಿತಿ ಇರಬಹುದು. ಅದರ ಹಿಂದೆ ಸೋಂಕು, ನೋವು, ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಏನಾದರೂ ಇರುತ್ತದೆ. ಎಲ್ಲಿ ನೋಯುತ್ತಿದೆ ಎಂದು ಹೇಳಲು ಅವರಿಗೆ ಆಗುವುದಿಲ್ಲ ಅಲ್ವಾ? ಹಾಗಾಗಿ ಅದೇ ದಿನ ವೈದ್ಯರಿಗೆ ತೋರಿಸಿ.

‘ನೀರು ಬೇಕಾ?’ ಎಂದು ಕೇಳಿದರೆ ‘ಬೇಡ’ ಎನ್ನುತ್ತಾರೆ. ಕೇಳಲೇಬೇಡಿ. ಲೋಟ ಕೈಗೆ ಕೊಟ್ಟು, ಎದುರಿಗೆ ಕೂತು ನೀವೂ ಒಂದು ಗುಟುಕು ಕುಡಿಯಿರಿ. ನಿಮ್ಮನ್ನು ನೋಡಿ ಅವರೂ ಕುಡಿಯುವುದುಂಟು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ. ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಅಲರ್ಜಿ ಮಾತ್ರೆ, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್ ಗೊಂದಲವನ್ನು ಹೆಚ್ಚಿಸುತ್ತವೆ. ನಿದ್ದೆ ಮಾತ್ರೆಯಿಂದ ಬೀಳುವ ಅಪಾಯವೂ ಜಾಸ್ತಿ. ಆದರೆ ನೀವೇ ನಿಲ್ಲಿಸಬೇಡಿ.

ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ ಇರಲಿ, ಜಾರುವ ಚಾಪೆ ತೆಗೆಯಿರಿ. ನೆಟ್ಟಗೆ ಕೂರಿಸಿಯೇ ಊಟ ಮಾಡಿಸಿ, ಆಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ತಲೆಗೆ ಪೆಟ್ಟು, ಉಸಿರಾಟದ ತೊಂದರೆ, ಮುಖ ಸೊಟ್ಟಗಾಗುವುದು ಕಂಡರಂತೂ ಯೋಚಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.